ಸ್ಕ್ಯಾನರ್ ಕಾಣಿಸುತ್ತಿಲ್ಲವೇ? ಲಿನಕ್ಸನ್ನು ಬೈಯುವ ಮುನ್ನ



ಹೊರನಾಡಿನ ಕನ್ನಡ ಸಂಘಗಳ ಕಚೇರಿಗಳಲ್ಲಿ ಈಚೆಗೆ ಒಂದು ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತಿದೆ: "ಲಿನಕ್ಸ್ ಹಾಕಿಸಿದ ಮೇಲೆ ಸ್ಕ್ಯಾನರೇ ಕಾಣಿಸ್ತಿಲ್ಲ. ಸುಮ್ಮನೆ ವಿಂಡೋಸ್ ವಾಪಸ್ ಹಾಕಿಸಿಬಿಡೋಣ." ಇದಕ್ಕೆ ಕಾರಣವಿದೆ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ರ ಮಾಮೂಲಿ ಬೆಂಬಲವನ್ನು ನಿಲ್ಲಿಸಿತು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಇರಬೇಕು, ಹೊಸ ಪೀಳಿಗೆಯ ಪ್ರೊಸೆಸರ್ ಇರಬೇಕು. ಸಂಘದ ಮೂಲೆಯಲ್ಲಿ ಹತ್ತು ವರ್ಷದಿಂದ ತಕರಾರಿಲ್ಲದೆ ದುಡಿಯುತ್ತಿರುವ ಕಂಪ್ಯೂಟರಿನಲ್ಲಿ ಇವೆರಡೂ ಇರುವುದಿಲ್ಲ. ಹೀಗಾಗಿ ಯಾರೋ ಉತ್ಸಾಹಿ ಯುವಕ ಬಂದು ಉಬುಂಟು ಅಥವಾ ಮಿಂಟ್ ಹಾಕಿಕೊಡುತ್ತಾನೆ. ಟೈಪಿಂಗ್ ನಡೆಯುತ್ತದೆ, ಇಮೇಲ್ ನಡೆಯುತ್ತದೆ, ಕನ್ನಡವೂ ಚೆನ್ನಾಗಿ ಕಾಣುತ್ತದೆ. ಸ್ಕ್ಯಾನರ್ ಒಂದು ಮಾತ್ರ ಮೌನ. ಆ ಒಂದು ಮೌನಕ್ಕೆ ಇಡೀ ಲಿನಕ್ಸ್ ತಪ್ಪಿತಸ್ಥನಾಗಿಬಿಡುತ್ತದೆ.

ಈ ತೀರ್ಪು ತಪ್ಪು ಎನ್ನುವುದಕ್ಕೇ ಇವತ್ತಿನ ಪತ್ರ. ಕೊಂಡ ಯಂತ್ರದ ಭಾಷೆಯನ್ನು ನಮಗೆ ಹೇಳದೆ ಮಾರಿದವರು ಅಪರಾಧಿಗಳು. ಆ ಭಾಷೆಯನ್ನು ಕೇಳದೆ ಕೊಂಡ ನಾವು ಅದಕ್ಕೆ ಸಹಕರಿಸಿದವರು. ಇಬ್ಬರ ನಡುವೆ, ಸಂಬಳವಿಲ್ಲದೆ ಆ ಭಾಷೆಯನ್ನು ಊಹಿಸಿ ಬರೆದುಕೊಟ್ಟವರನ್ನು ಕಟಕಟೆಯಲ್ಲಿ ನಿಲ್ಲಿಸುತ್ತಿದ್ದೇವೆ.

ಯಾರ ಕಣ್ಣಿಗೆ ಕಾಣಿಸುತ್ತಿಲ್ಲ?

"ಕಾಣಿಸುತ್ತಿಲ್ಲ" ಎಂಬ ಮಾತನ್ನೇ ಮೊದಲು ಪರೀಕ್ಷಿಸೋಣ. ಟರ್ಮಿನಲ್ ತೆರೆದು ಎಲ್‌ಎಸ್‌ಯುಎಸ್‌ಬಿ ಎಂಬ ಆದೇಶ ಕೊಡಿ. ಎಲ್‌ಎಸ್ ಮತ್ತು ಯುಎಸ್‌ಬಿ, ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ, ನಡುವೆ ಜಾಗವಿಲ್ಲದೆ. ಕಂಪ್ಯೂಟರಿಗೆ ಚುಚ್ಚಿರುವ ಸಾಧನಗಳ ಪಟ್ಟಿ ಬರುತ್ತದೆ. ಪ್ರತಿ ಸಾಲಿನಲ್ಲೂ ಎರಡು ಸಂಖ್ಯೆಗಳಿರುತ್ತವೆ, ಮೊದಲನೆಯದು ತಯಾರಕರದು, ಎರಡನೆಯದು ಮಾದರಿಯದು. 04ಎ9 ಎಂದರೆ ಕ್ಯಾನನ್, 04ಬಿ8 ಎಂದರೆ ಎಪ್ಸನ್, 03ಎಫ್0 ಎಂದರೆ ಎಚ್‌ಪಿ. 04ಎ9:2220 ಎಂದು ಕಂಡರೆ ಅದು ಕ್ಯಾನನ್ ಲೈಡ್ 25, ನಮ್ಮ ಎಷ್ಟೋ ಕಚೇರಿಗಳಲ್ಲಿ ಧೂಳು ತಿನ್ನುತ್ತಿರುವ ತೆಳ್ಳನೆಯ ಸ್ಕ್ಯಾನರ್.

ಈ ಪಟ್ಟಿಯಲ್ಲಿ ನಿಮ್ಮ ಸ್ಕ್ಯಾನರ್ ಇಲ್ಲವೇ ಇಲ್ಲ ಎಂದರೆ ಅದು ಲಿನಕ್ಸಿನ ಸಮಸ್ಯೆಯೂ ಅಲ್ಲ, ವಿಂಡೋಸಿನದೂ ಅಲ್ಲ. ಕೇಬಲ್ ಬದಲಿಸಿ. ಯುಎಸ್‌ಬಿಯಿಂದಲೇ ವಿದ್ಯುತ್ ಎಳೆಯುವ ಸ್ಕ್ಯಾನರ್ ಆಗಿದ್ದರೆ ಹಬ್ ತೆಗೆದು ಕಂಪ್ಯೂಟರಿನ ಹಿಂದಿನ ಪೋರ್ಟಿಗೆ ನೇರವಾಗಿ ಹಾಕಿ. ಪ್ರತ್ಯೇಕ ಅಡಾಪ್ಟರ್ ಇರುವಂಥದ್ದಾದರೆ ಅದರ ದೀಪ ಉರಿಯುತ್ತಿದೆಯೇ ನೋಡಿ. ಅರ್ಧ ದೂರುಗಳು ಇಲ್ಲಿಯೇ ತೀರುತ್ತವೆ ಎಂದರೆ ನಗಬೇಡಿ.

ಪಟ್ಟಿಯಲ್ಲಿ ಇದೆ ಎಂದರೋ? ಲಿನಕ್ಸಿಗೆ ಸ್ಕ್ಯಾನರ್ ಕಂಡಾಯಿತು. ಹೆಸರು, ಗೋತ್ರ ಎಲ್ಲ ಗೊತ್ತಾಯಿತು. ಗೊತ್ತಿಲ್ಲದ್ದು ಒಂದೇ, ಅದರೊಡನೆ ಮಾತಾಡುವ ಬಗೆ. ರೈಲಿನಲ್ಲಿ ಎದುರು ಕೂತವರ ಭಾಷೆ ಬಾರದಿದ್ದರೆ "ಎದುರು ಯಾರೂ ಇಲ್ಲ" ಎನ್ನುತ್ತೇವೆಯೇ?

ಮಾತಾಡುವ ಕೆಲಸ ಸೇನ್ ಎಂಬ ತಂತ್ರಾಂಶದ್ದು. ಅದರ ಸ್ಕ್ಯಾನ್‌ಇಮೇಜ್ ಆದೇಶಕ್ಕೆ ಹೈಫನ್ ಮತ್ತು ದೊಡ್ಡಕ್ಷರದ ಎಲ್ ಸೇರಿಸಿ ಕೊಟ್ಟರೆ ತನಗೆ ಮಾತಾಡಲು ಬರುವ ಸ್ಕ್ಯಾನರುಗಳನ್ನು ಹೇಳುತ್ತದೆ. ಅದೇ ಆದೇಶವನ್ನು ಸುಡೊ ಜೊತೆ ಕೊಟ್ಟಾಗ ಸ್ಕ್ಯಾನರ್ ಸಿಕ್ಕಿ, ಸುಡೊ ಇಲ್ಲದೆ ಸಿಗದಿದ್ದರೆ, ಅದು ಅನುಮತಿಯ ತೊಡಕು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಸ್ಥಿತಿ. ಬಳಕೆದಾರರನ್ನು ಸ್ಕ್ಯಾನರ್ ಗುಂಪಿಗೆ, ಕೆಲವು ವಿತರಣೆಗಳಲ್ಲಿ ಎಲ್‌ಪಿ ಗುಂಪಿಗೆ, ಸೇರಿಸಿ ಒಮ್ಮೆ ಲಾಗೌಟ್ ಆಗಿ ಬಂದರೆ ಸಾಕು. ಇನ್ನು ಕೆಲವೊಮ್ಮೆ ಹಳೆಯ ಸ್ಕ್ಯಾನರನ್ನು ಯುಎಸ್‌ಬಿ 3 ಪೋರ್ಟಿಗೆ ಹಾಕಿದಾಗ ಮೊದಲ ಪುಟ ಬಂದು ಎರಡನೆಯದಕ್ಕೆ ಮಾಯವಾಗುತ್ತದೆ. ಯುಎಸ್‌ಬಿ 2 ಪೋರ್ಟಿಗೆ ಬದಲಿಸಿ ನೋಡಿ. ಇವು ಲಿನಕ್ಸಿನ ಪಾಲಿನ ಒರಟುತನಗಳು. ಇವನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಇವೆಲ್ಲ ಹತ್ತು ನಿಮಿಷದ ಕೆಲಸ.

ಹತ್ತು ದಿನ ಕೂತರೂ ಬಗೆಹರಿಯದ ತೊಡಕು ಇನ್ನೊಂದಿದೆ. ನನ್ನ ಜಗಳವಿರುವುದು ಅದರೊಡನೆ.

ಭಾಷೆ ಹೇಳದೆ ಮಾರಿದ ಯಂತ್ರ

ಫ್ಲಾಟ್‌ಬೆಡ್ ಸ್ಕ್ಯಾನರ್ ಎಂದರೆ ಏನು? ಒಂದು ಗಾಜು, ಅದರ ಕೆಳಗೆ ಓಡಾಡುವ ದೀಪ ಮತ್ತು ಸಂವೇದಕದ ಪಟ್ಟಿ, ಅದನ್ನೆಳೆಯುವ ಒಂದು ಪುಟ್ಟ ಮೋಟಾರು, ಇವನ್ನೆಲ್ಲ ನಿಯಂತ್ರಿಸುವ ಒಂದು ಚಿಪ್. ದೀಪ ಹಚ್ಚು, ಇಷ್ಟು ಡಿಪಿಐನಲ್ಲಿ ಓದು, ಇಷ್ಟು ಮುಂದೆ ಸರಿ, ಓದಿದ್ದನ್ನು ಕಳಿಸು, ಹಿಂದಕ್ಕೆ ಬಾ. ಹೆಚ್ಚುಕಡಿಮೆ ಇಷ್ಟೇ ಸಂಭಾಷಣೆ. ಈ ಚಿಪ್ಪನ್ನಾದರೂ ಹೆಸರಾಂತ ಕಂಪನಿಗಳು ತಾವೇ ಮಾಡುತ್ತವೆಯೇ ಎಂದರೆ ಎಷ್ಟೋ ಮಾದರಿಗಳಲ್ಲಿ ಇಲ್ಲ. ತೈವಾನಿನ ಜೆನೆಸಿಸ್ ಲಾಜಿಕ್ ಕಂಪನಿಯ ಚಿಪ್ಪುಗಳೇ ಬೇರೆ ಬೇರೆ ಬ್ರಾಂಡಿನ ಡಬ್ಬಿಗಳೊಳಗೆ ಕೂತಿವೆ. ಸೇನ್‌ನಲ್ಲಿ ಆ ಚಿಪ್ಪಿನ ಹೆಸರಿನದೇ ಒಂದು ಚಾಲಕವಿದೆ. ಕ್ಯಾನನ್ ಲೈಡ್ 110, ಲೈಡ್ 210 ಮುಂತಾದವು ಅದರಿಂದಲೇ ನಡೆಯುತ್ತವೆ.

ಈ ನಾಲ್ಕಾರು ವಾಕ್ಯಗಳ ಸಂಭಾಷಣೆಯನ್ನು ಕಂಪನಿಗಳು ಗುಟ್ಟಾಗಿಡುತ್ತವೆ. ಕೈಗೆ ಬರುವುದು ಒಂದು ಸಿಡಿ ಅಥವಾ ಡೌನ್‌ಲೋಡ್ ಕೊಂಡಿ. ಅದರೊಳಗಿನ ಡ್ರೈವರ್ ಇಂಥ ವಿಂಡೋಸಿಗೆ, ಇಂಥ ಆವೃತ್ತಿಗೆ ಮಾತ್ರ.

ಹಾಗಿದ್ದರೆ ಲಿನಕ್ಸಿನಲ್ಲಿ ನಡೆಯುವ ಸ್ಕ್ಯಾನರುಗಳು ನಡೆಯುವುದಾದರೂ ಹೇಗೆ? 1996ರಲ್ಲಿ ಡೇವಿಡ್ ಮೋಸ್‌ಬರ್ಗರ್ ಮತ್ತು ಆಂಡ್ರಿಯಾಸ್ ಬೆಕ್ ಸೇನ್ ಶುರುಮಾಡಿದರು. ಅಂದಿನಿಂದ ಇಂದಿನವರೆಗೆ ಕೆಲವು ಕಂಪನಿಗಳು ದಾಖಲೆ ಕೊಟ್ಟಿವೆ, ಕೆಲವು ಡ್ರೈವರನ್ನೇ ಕೊಟ್ಟಿವೆ. ಉಳಿದವುಗಳ ವಿಷಯದಲ್ಲಿ ಸ್ವಯಂಸೇವಕರು ವಿಂಡೋಸಿನಲ್ಲಿ ಸ್ಕ್ಯಾನರ್ ಓಡಿಸಿ, ಯುಎಸ್‌ಬಿ ತಂತಿಯಲ್ಲಿ ಹರಿಯುವ ಬೈಟುಗಳನ್ನು ಹಿಡಿದಿಟ್ಟು, ಯಾವ ಬೈಟಿಗೆ ದೀಪ ಹತ್ತಿತು, ಯಾವುದಕ್ಕೆ ಮೋಟಾರು ಸರಿಯಿತು ಎಂದು ಒಂದೊಂದಾಗಿ ಬಿಡಿಸಿದ್ದಾರೆ. ಓದಲಾಗದ ಶಾಸನದ ಲಿಪಿ ಬಿಡಿಸುವಂಥ ಕೆಲಸ ಇದು. ವ್ಯತ್ಯಾಸ ಇಷ್ಟೇ: ಶಾಸನ ಬರೆದವನು ತೀರಿಕೊಂಡು ಶತಮಾನಗಳಾಗಿವೆ. ಸ್ಕ್ಯಾನರ್ ಮಾಡಿದವನು ಜೀವಂತವಾಗಿ, ನಮ್ಮ ದುಡ್ಡು ಎಣಿಸಿಕೊಂಡು, ಬಾಯಿ ಮುಚ್ಚಿ ಕೂತಿದ್ದಾನೆ.

ಇನ್ನೂ ಕೆಲವು ಸ್ಕ್ಯಾನರುಗಳ ಕಥೆ ಬೇರೆ. ಅವುಗಳ ಒಳಗೆ ಕಾಯಂ ಆದ ಫರ್ಮ್‌ವೇರ್ ಇಲ್ಲ. ಪ್ರತಿ ಸಲ ಸ್ವಿಚ್ ಹಾಕಿದಾಗಲೂ ಕಂಪ್ಯೂಟರ್ ಆ ಕಡತವನ್ನು ಸ್ಕ್ಯಾನರಿಗೆ ಉಣಿಸಬೇಕು. ಸೇನ್‌ನ ಸ್ನ್ಯಾಪ್‌ಸ್ಕ್ಯಾನ್ ಚಾಲಕ ನೋಡಿಕೊಳ್ಳುವ ಹಲವು ಮಾದರಿಗಳು ಇಂಥವು. ಡ್ರೈವರ್ ಬರೆದಾಗಿದೆ, ಕೆಲಸವೂ ಮಾಡುತ್ತದೆ. ಆದರೆ ಆ ಕಡತದ ಹಕ್ಕು ಕಂಪನಿಯದು, ಹಂಚಲು ಪರವಾನಗಿ ಇಲ್ಲ, ಆದ್ದರಿಂದ ಲಿನಕ್ಸ್ ವಿತರಣೆಗಳು ಅದನ್ನು ಜೊತೆಗೆ ಕೊಡುವಂತಿಲ್ಲ. ನೀವೇ ಹಳೆಯ ವಿಂಡೋಸ್ ಸಿಡಿ ಹುಡುಕಿ, ಅದರೊಳಗಿಂದ ಕಡತ ತೆಗೆದು, ಸ್ನ್ಯಾಪ್‌ಸ್ಕ್ಯಾನಿನ ಸಂರಚನಾ ಕಡತದಲ್ಲಿ ಅದು ಇರುವ ಜಾಗ ಬರೆಯಬೇಕು. ನೀವು ಕೊಂಡ ಯಂತ್ರಕ್ಕೇ ಬೇಕಾದ, ಬೇರೆ ಯಾವ ಯಂತ್ರಕ್ಕೂ ಉಪಯೋಗವಿಲ್ಲದ ಕಡತ ಅದು. ಅದನ್ನು ಹಂಚಿದರೆ ಕಂಪನಿಗೆ ಯಾವ ನಷ್ಟ? ಉತ್ತರ ಯಾರಾದರೂ ಹೇಳಿದರೆ ಮುಂದಿನ ಪತ್ರದಲ್ಲಿ ಸಂತೋಷದಿಂದ ಪ್ರಕಟಿಸುತ್ತೇನೆ.

ಲಿನಕ್ಸಿಗೂ ಡ್ರೈವರ್ ಕೊಡುತ್ತೇವೆ ಎನ್ನುವ ಕಂಪನಿಗಳ ಔದಾರ್ಯವನ್ನೂ ಸ್ವಲ್ಪ ಬಿಡಿಸಿ ನೋಡಬೇಕು. ಎಚ್‌ಪಿಯ ಎಚ್‌ಪಿಲಿಪ್ ಬಹುಮಟ್ಟಿಗೆ ಮುಕ್ತ ತಂತ್ರಾಂಶ, ಅದಕ್ಕೆ ನಮಸ್ಕಾರ. ಆದರೆ ಕೆಲವು ಮಾದರಿಗಳಿಗೆ ಅದರ ಮೇಲೊಂದು ಮುಚ್ಚಿದ ಪ್ಲಗಿನ್ ಬೇಕು. ಎಚ್‌ಪಿಲಿಪ್ ಆವೃತ್ತಿ ಬದಲಾದರೆ ಪ್ಲಗಿನ್ನನ್ನೂ ಹೊಸದಾಗಿ ಇಳಿಸಿಕೊಳ್ಳಬೇಕು. "ನಿನ್ನೆಯವರೆಗೆ ನಡೆಯುತ್ತಿತ್ತು, ಅಪ್‌ಡೇಟ್ ಆದ ಮೇಲೆ ನಿಂತುಹೋಯಿತು" ಎಂಬ ದೂರಿನ ಹಿಂದೆ ಅನೇಕ ಸಲ ಇದೇ ಇರುತ್ತದೆ. ಬ್ರದರ್ ಕೊಡುವ ಬ್ರ್‌ಸ್ಕ್ಯಾನ್ 4 ಇಂಟೆಲ್ ಮಾದರಿಯ ಪ್ರೊಸೆಸರುಗಳಿಗಷ್ಟೇ ಸಿದ್ಧಪಡಿಸಿದ್ದು. ಅದೇ ಸ್ಕ್ಯಾನರನ್ನು ರಾಸ್ಪ್‌ಬೆರಿ ಪೈಗೆ ಜೋಡಿಸಿ ಅಗ್ಗದಲ್ಲಿ ಒಂದು ಸ್ಕ್ಯಾನಿಂಗ್ ಮೇಜು ಮಾಡೋಣ ಎಂದರೆ ಬಾಗಿಲು ಬಂದ್. ಮೂಲ ಸಂಕೇತ ಕೊಟ್ಟಿದ್ದರೆ ಯಾರೋ ಒಂದು ಸಂಜೆ ಕೂತು ಅದನ್ನು ಪೈಗೂ ಹೊಂದಿಸಿಬಿಡುತ್ತಿದ್ದರು.

ಇದು ಲಿನಕ್ಸಿನವರ ಗೋಳು ಮಾತ್ರ ಎಂದುಕೊಂಡರೆ ಅದೂ ತಪ್ಪು. 2019ರಲ್ಲಿ ಆ್ಯಪಲ್ ತನ್ನ ಕ್ಯಾಟಲಿನಾ ಆವೃತ್ತಿಯಲ್ಲಿ 32 ಬಿಟ್ ತಂತ್ರಾಂಶಗಳನ್ನು ಕೈಬಿಟ್ಟಾಗ ಎಷ್ಟೋ ಒಳ್ಳೆಯ ಸ್ಕ್ಯಾನರುಗಳು ರಾತ್ರೋರಾತ್ರಿ ಮೂಕವಾದವು. ವಿಂಡೋಸ್ 32 ಬಿಟ್‌ನಿಂದ 64ಕ್ಕೆ ಹೊರಳಿದಾಗಲೂ ಹಾಗೇ ಆಗಿತ್ತು. ಗಾಜು ಒಡೆದಿರಲಿಲ್ಲ, ದೀಪ ಆರಿರಲಿಲ್ಲ, ಮೋಟಾರು ಸವೆದಿರಲಿಲ್ಲ. ತಯಾರಕರು ಹೊಸ ಡ್ರೈವರ್ ಬರೆಯುವುದು ಲಾಭವಲ್ಲ ಎಂದು ಲೆಕ್ಕ ಹಾಕಿದ್ದರು, ಅಷ್ಟೆ. ಅಂಥ ಎಷ್ಟೋ ಸ್ಕ್ಯಾನರುಗಳು ಇವತ್ತು ನಡೆಯುವುದು ಲಿನಕ್ಸಿನಲ್ಲೇ. ಗುಟ್ಟು ಒಮ್ಮೆ ಬಯಲಾದ ಮೇಲೆ ಅದು ಎಲ್ಲರ ಆಸ್ತಿ, ಯಾವ ಮಾರಾಟ ವಿಭಾಗದ ಲೆಕ್ಕಾಚಾರಕ್ಕೂ ಅದು ಸಿಗುವುದಿಲ್ಲ.

ಈ ಜಗಳ ಹೊಸದೇನಲ್ಲ. 1980ರ ಸುಮಾರಿಗೆ ಎಂಐಟಿಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯಕ್ಕೆ ಒಂದು ಜೆರಾಕ್ಸ್ ಲೇಸರ್ ಪ್ರಿಂಟರ್ ಬಂತು. ಅದು ಪದೇ ಪದೇ ಸಿಕ್ಕಿಕೊಳ್ಳುತ್ತಿತ್ತು. ಕಾಗದ ಸಿಕ್ಕಿಕೊಂಡಾಗ ಎಲ್ಲರಿಗೂ ಸೂಚನೆ ಹೋಗುವಂತೆ ಮಾಡೋಣ ಎಂದು ರಿಚರ್ಡ್ ಸ್ಟಾಲ್‌ಮನ್ ಅದರ ಮೂಲ ಸಂಕೇತ ಕೇಳಿದರೆ, ಕೊಡುವುದಿಲ್ಲವೆಂದು ಒಪ್ಪಂದಕ್ಕೆ ಸಹಿ ಹಾಕಿದ್ದೇನೆ ಎಂಬ ಉತ್ತರ ಸಿಕ್ಕಿತು. ಆ ಸಿಟ್ಟು 1983ರಲ್ಲಿ ಗ್ನೂ ಯೋಜನೆಯಾಯಿತು. ಇಡೀ ಮುಕ್ತ ತಂತ್ರಾಂಶ ಚಳವಳಿಯ ಬೇರಿನಲ್ಲಿ ಇರುವುದು ಮೇಜಿನ ಮೇಲಿನ ಒಂದು ಮೊಂಡು ಯಂತ್ರ.

ಎದುರುವಾದಗಳು

"ಲಿನಕ್ಸ್ ಬಳಸುವವರು ಎಷ್ಟು ಜನ? ಅವರಿಗಾಗಿ ಕಂಪನಿ ಯಾಕೆ ಖರ್ಚು ಮಾಡಬೇಕು?" ಎಂಬುದು ಮೊದಲ ವಾದ. ಸ್ವಾಮಿ, ಖರ್ಚು ಮಾಡಿ ಎಂದವರು ಯಾರು? 2007ರಲ್ಲೇ ಲಿನಕ್ಸ್ ಕರ್ನೆಲ್ ಅಭಿವೃದ್ಧಿಗಾರ ಗ್ರೆಗ್ ಕ್ರೋವಾ ಹಾರ್ಟ್‌ಮನ್, ದಾಖಲೆ ಕೊಟ್ಟರೆ ಸಾಕು, ಕರ್ನೆಲ್ ಡ್ರೈವರುಗಳನ್ನು ಪುಕ್ಕಟೆಯಾಗಿ ನಾವೇ ಬರೆದುಕೊಡುತ್ತೇವೆ ಎಂದು ಕಂಪನಿಗಳಿಗೆ ಬಹಿರಂಗವಾಗಿ ಹೇಳಿದ್ದರು. ಊಟ ಬಡಿಸಿ ಎಂದು ಕೇಳುತ್ತಿಲ್ಲ. ಅಡುಗೆಮನೆಯ ಬೀಗ ತೆಗೆಯಿರಿ ಎಂದಷ್ಟೇ ಕೇಳುತ್ತಿರುವುದು.

"ಅದು ವ್ಯಾಪಾರದ ಗುಟ್ಟು" ಎಂಬುದು ಎರಡನೆಯದು. ಇದಕ್ಕೆ ಕಂಪನಿಗಳೇ ಉತ್ತರ ಕೊಟ್ಟಾಗಿದೆ. ಮೊಬೈಲುಗಳು ಬಂದವು. ಪ್ರತಿ ಫೋನಿಗೂ ಪ್ರತಿ ಪ್ರಿಂಟರಿನ ಡ್ರೈವರ್ ಹಾಕಿಸುವುದು ಆಗದ ಮಾತು. ಆಗ 2013ರಲ್ಲಿ ಕ್ಯಾನನ್, ಎಚ್‌ಪಿ, ಸ್ಯಾಮ್‌ಸಂಗ್, ಜೆರಾಕ್ಸ್ ಸೇರಿ ಮೊಪ್ರಿಯಾ ಎಂಬ ಒಕ್ಕೂಟ ಕಟ್ಟಿದವು. ಸ್ಕ್ಯಾನರುಗಳಿಗೆ ಇಎಸ್‌ಸಿಎಲ್ ಎಂಬ ಸಮಾನ ಭಾಷೆ ಇದೆ, ಅದರ ವಿವರವನ್ನು ಆ ಒಕ್ಕೂಟವೇ ಪ್ರಕಟಿಸಿದೆ. ಅಲೆಕ್ಸಾಂಡರ್ ಪೆವ್ಜ್‌ನರ್ ಎಂಬ ಅಭಿವೃದ್ಧಿಗಾರ ಅದನ್ನಾಧರಿಸಿ ಸೇನ್-ಏರ್‌ಸ್ಕ್ಯಾನ್ ಬರೆದರು. ಯುಎಸ್‌ಬಿ ಮೂಲಕವೂ ಅದೇ ಭಾಷೆ ನಡೆಯುವಂತೆ ಐಪಿಪಿ-ಯುಎಸ್‌ಬಿ ಬರೆದರು. 2021ರ ಡೆಬಿಯನ್ 11ರಿಂದ ಈಚೆಗೆ ಇವು ದೊಡ್ಡ ವಿತರಣೆಗಳಲ್ಲಿ ಸುಲಭವಾಗಿ ಸಿಗುತ್ತವೆ. ಇಂಥ ಯಂತ್ರವಿದ್ದರೆ ಡ್ರೈವರ್ ಎಂಬ ಮಾತೇ ಇಲ್ಲ, ಜೋಡಿಸಿದರೆ ಕಾಣುತ್ತದೆ. ಅಂದರೇನಾಯಿತು? ದೊಡ್ಡ ಗಿರಾಕಿ ಬಾಗಿಲು ತಟ್ಟಿದಾಗ ಗುಟ್ಟು ಗುಟ್ಟಾಗಿ ಉಳಿಯಲಿಲ್ಲ. ಯಾವ ಕಂಪನಿಯೂ ಅದರಿಂದ ಮುಳುಗಲಿಲ್ಲ. ಹಳೆಯ ಮತ್ತು ಅಗ್ಗದ ಯಂತ್ರಗಳ ಗುಟ್ಟು ಇನ್ನೂ ಗುಟ್ಟಾಗಿರುವುದು ಅವು ಅಮೂಲ್ಯವಾದ್ದರಿಂದಲ್ಲ, ಅವನ್ನು ಬಿಸಾಡಿ ನಾವು ಹೊಸದು ಕೊಳ್ಳಬೇಕಾದ್ದರಿಂದ.

"ಈಗ ಫೋನಿನಲ್ಲೇ ಫೋಟೋ ತೆಗೆದರಾಯಿತಲ್ಲ" ಎಂಬುದು ಮೂರನೆಯ ವಾದ. ಕರೆಂಟು ಬಿಲ್ಲಿಗೆ ಆಯಿತು. ಮೊಳೆ ಜೋಡಿಸಿ ಅಚ್ಚುಮಾಡಿದ ಹಳೆಯ ಕನ್ನಡ ಪುಟಕ್ಕೆ ಆಗದು. ನಮ್ಮ ಲಿಪಿಯಲ್ಲಿ ಅರ್ಥವೆಲ್ಲ ಒತ್ತಕ್ಷರದಲ್ಲಿ, ದೀರ್ಘದಲ್ಲಿ, ಒಂದು ಸಣ್ಣ ಕೊಂಬಿನಲ್ಲಿ ಕೂತಿರುತ್ತದೆ. ಫೋನ್ ಸ್ವಲ್ಪ ಓರೆಯಾದರೆ, ಪುಟ ಬೆನ್ನಿನ ಬಳಿ ಬಾಗಿದ್ದರೆ, ನೆರಳು ಬಿದ್ದರೆ, ಓಸಿಆರ್‌ಗೆ ಒತ್ತು ಯಾವುದು ಮಸಿಯ ಚುಕ್ಕೆ ಯಾವುದು ತಿಳಿಯುವುದಿಲ್ಲ. ಟೆಸರಾಕ್ಟ್ ಎಂಬ ಮುಕ್ತ ಓಸಿಆರ್ ಕನ್ನಡವನ್ನು ಓದುತ್ತದೆ. ಎಚ್‌ಪಿಯ ಪ್ರಯೋಗಾಲಯದಲ್ಲಿ ಹುಟ್ಟಿ 2005ರಲ್ಲಿ ಮುಕ್ತವಾದ ತಂತ್ರಾಂಶ ಅದು. ಒಂದು ಕಂಪನಿ ಬಿಟ್ಟುಕೊಟ್ಟದ್ದರಿಂದ ಇಂದು ಕನ್ನಡಕ್ಕೆ ಎಷ್ಟು ಉಪಕಾರವಾಯಿತು ನೋಡಿ. ಆದರೆ ಅದಕ್ಕೂ ಸಮತಟ್ಟಾದ, ಸಮನಾದ ಬೆಳಕಿನ, ಕನಿಷ್ಠ 300 ಡಿಪಿಐನ ಚಿತ್ರ ಕೊಡಬೇಕು. ಅದಕ್ಕೆ ಗಾಜಿನ ಸ್ಕ್ಯಾನರೇ ಬೇಕು.

ನಮ್ಮವರಿಗೂ ಎರಡು ಮಾತು

ಲಿನಕ್ಸ್ ಅಭಿಮಾನಿಗಳನ್ನು ಸುಮ್ಮನೆ ಬಿಡುವ ಇರಾದೆ ನನಗಿಲ್ಲ. ಎಪ್ಪತ್ತು ದಾಟಿದ ಕಾರ್ಯದರ್ಶಿಗಳು "ಸ್ಕ್ಯಾನರ್ ಬರ್ತಿಲ್ಲಪ್ಪ" ಎಂದು ಕೇಳಿದರೆ "ಅಂಕಲ್, ಗೂಗಲ್ ಮಾಡಿ" ಎನ್ನುವುದು ಯಾವ ಸೀಮೆಯ ಸಂಸ್ಕಾರ? ಅವರಿಗೆ ಒಂದು ಆದೇಶ ವಾಟ್ಸಾಪಿನಲ್ಲಿ ಕಳಿಸಿ, ಅದು ಏನು ಮಾಡುತ್ತದೆಂದು ಹೇಳದೆ, ಸುಡೊ ಹಾಕಿ ಓಡಿಸಿ ಎನ್ನುವುದು ಸಹಾಯವಲ್ಲ. ಇನ್ನೊಂದು ಮುಚ್ಚಿದ ಡಬ್ಬಿಯನ್ನು ಅವರ ಕೈಗಿಟ್ಟಂತೆ. ಕಂಪನಿ ಗುಟ್ಟು ಮಾಡುತ್ತದೆ ಎಂದು ದೂರುವವರು ತಾವು ತಿಳಿದದ್ದನ್ನು ಅರ್ಥವಾಗುವ ಕನ್ನಡದಲ್ಲಿ ಹೇಳದಿದ್ದರೆ ಅದೂ ಗುಟ್ಟೇ.

ಯಂತ್ರ ಹಾಕಿಕೊಡುವ ಮುನ್ನ ಸಂಘದಲ್ಲಿ ಯಾವ ಸ್ಕ್ಯಾನರ್ ಇದೆ ಎಂದು ನೋಡಿ, ಸೇನ್ ಪಟ್ಟಿಯಲ್ಲಿ ಅದರ ಸ್ಥಿತಿ ಹುಡುಕುವುದು ಹಾಕಿಕೊಡುವವರ ಕರ್ತವ್ಯ. ಆ ಪಟ್ಟಿ ಪ್ರಾಮಾಣಿಕವಾದದ್ದು. ಪ್ರತಿ ಮಾದರಿಯ ಎದುರಿಗೂ ಪೂರ್ಣ, ಚೆನ್ನ, ಸಾಧಾರಣ, ಅಲ್ಪ, ಬೆಂಬಲವಿಲ್ಲ ಎಂಬಂಥ ದರ್ಜೆಗಳಲ್ಲಿ ಒಂದನ್ನು ಬರೆದಿಡುತ್ತದೆ. "ಬೆಂಬಲವಿಲ್ಲ" ಎಂದು ಬರೆದಿರುವ ಸ್ಕ್ಯಾನರಿನ ಮುಂದೆ ಲಿನಕ್ಸ್ ಹಾಕಿ ಎದ್ದು ಹೋಗುವುದು ಪ್ರಚಾರವೂ ಅಲ್ಲ, ಸೇವೆಯೂ ಅಲ್ಲ.

ನಮಗೇಕೆ ಇದು ಮುಖ್ಯ

ಬೆಂಗಳೂರಿನಲ್ಲಿ ಕನ್ನಡ ಪುಸ್ತಕಗಳನ್ನು ಗಣಕಕ್ಕಿಳಿಸುವ ತಂಡಗಳಿವೆ, ದೊಡ್ಡ ಯಂತ್ರಗಳಿವೆ. ಹೊರನಾಡಿನ ಕನ್ನಡದ ಕಾಗದಗಳು ಅಲ್ಲಿಗೆ ಹೋಗುವುದಿಲ್ಲ. ಮುಂಬೈಯಿಂದ ದಶಕಗಳ ಕಾಲ ಹೊರಟ "ಮೊಗವೀರ"ದಂಥ ಪತ್ರಿಕೆಗಳ ಹಳೆಯ ಸಂಚಿಕೆಗಳು, ಗಣೇಶೋತ್ಸವದ ಸ್ಮರಣ ಸಂಚಿಕೆಗಳು, ನಾಟಕದ ಕೈಬರಹದ ಪ್ರತಿಗಳು, ರಾತ್ರಿ ಶಾಲೆಯ ಹಾಜರಿ ಪುಸ್ತಕಗಳು, ಮಹಾಸಭೆಯ ನಡಾವಳಿಗಳು: ಇವೆಲ್ಲ ಇರುವುದು ಸಂಘದ ಕಪಾಟಿನಲ್ಲೋ ಹಿರಿಯರೊಬ್ಬರ ಅಟ್ಟದ ಮೇಲೋ. ಮುಂಬೈಯ ಮಳೆಗಾಲ, ಚೆನ್ನೈಯ ತೇವ, ಎಲ್ಲೆಲ್ಲೂ ಇರುವ ಬೆಳ್ಳಿಮೀನು ಹುಳ. ಕಟ್ಟಡ ರಿಡೆವಲಪ್‌ಮೆಂಟಿಗೆ ಹೋದ ದಿನ ರದ್ದಿಯವನ ತಕ್ಕಡಿ. ಈ ಕಾಗದಗಳನ್ನು ಉಳಿಸುವ ಕೆಲಸ ಆಗುವುದಿದ್ದರೆ ಅದು ಸಂಘದ ಹಳೆಯ ಕಂಪ್ಯೂಟರ್, ಹಳೆಯ ಸ್ಕ್ಯಾನರ್, ಭಾನುವಾರ ಬಿಡುವಿರುವ ಇಬ್ಬರು ಸದಸ್ಯರಿಂದಲೇ. ಆ ಸ್ಕ್ಯಾನರ್ "ಕಾಣಿಸುತ್ತಿಲ್ಲ" ಎಂದು ನಿಂತುಹೋದರೆ ಭಾನುವಾರವೂ ನಿಲ್ಲುತ್ತದೆ. ಹೊಸದಕ್ಕೆ ಸಮಿತಿಯ ಮಂಜೂರಾತಿ ಬರುವಷ್ಟರಲ್ಲಿ ಇನ್ನೊಂದು ಮಳೆಗಾಲ ಕಳೆದಿರುತ್ತದೆ.

ಸರ್ಕಾರದ ಬಾಗಿಲನ್ನೂ ತಟ್ಟಬೇಕು. 2015ರಲ್ಲಿ ಕೇಂದ್ರ ಸರ್ಕಾರ ತನ್ನ ಕಚೇರಿಗಳಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ಎಂದು ನೀತಿ ಹೊರಡಿಸಿತು. 2022ರಲ್ಲಿ ದುರಸ್ತಿಯ ಹಕ್ಕಿನ ಬಗ್ಗೆ ಸಮಿತಿ ಮಾಡಿ ಕೃಷಿ ಉಪಕರಣ, ಮೊಬೈಲ್ ಮತ್ತು ಟ್ಯಾಬ್ಲೆಟ್, ಗೃಹೋಪಯೋಗಿ ವಸ್ತು, ವಾಹನ ಎಂಬ ನಾಲ್ಕು ಕ್ಷೇತ್ರಗಳನ್ನು ಮೊದಲು ಗುರುತಿಸಿತು. ಎರಡೂ ಒಳ್ಳೆಯ ಹೆಜ್ಜೆಗಳೇ. ಆದರೆ ದುರಸ್ತಿ ಎಂದರೆ ಬಿಡಿಭಾಗ ಎಂದೇ ನಾವಿನ್ನೂ ಯೋಚಿಸುತ್ತಿದ್ದೇವೆ. ಸ್ಕ್ಯಾನರಿನ ವಿಷಯದಲ್ಲಿ ಕೊರತೆಯಾಗುವ ಬಿಡಿಭಾಗ ಅದರ ಸಂಭಾಷಣೆಯ ದಾಖಲೆ. ಒಂದು ಮಾದರಿಗೆ ಡ್ರೈವರ್ ಕೊಡುವುದನ್ನು ನಿಲ್ಲಿಸುವ ದಿನವೇ ಅದರ ದಾಖಲೆ ಮತ್ತು ಫರ್ಮ್‌ವೇರನ್ನು ಸಾರ್ವಜನಿಕರಿಗೆ ಬಿಡಬೇಕು ಎಂಬ ಒಂದು ಸಾಲು ಕಾನೂನಿನಲ್ಲಿ ಸೇರಲಿ. ಕಂಪನಿಗೆ ಒಂದು ಪೈಸೆ ಖರ್ಚಿಲ್ಲ ಎನ್ನುವಷ್ಟು ಸಣ್ಣ ಬೇಡಿಕೆ.

ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದು ಕೊಳ್ಳುವ ದುಡ್ಡು. ಮುಂಬೈಯ ಲ್ಯಾಮಿಂಗ್ಟನ್ ರೋಡ್, ದೆಹಲಿಯ ನೆಹರೂ ಪ್ಲೇಸ್, ಚೆನ್ನೈಯ ರಿಚಿ ಸ್ಟ್ರೀಟ್, ಎಲ್ಲಿಗೆ ಹೋದರೂ ಅಂಗಡಿಯವರು ಹೇಳುವುದು ಒಂದೇ: "ಈ ಮಾಡೆಲ್ ಡೆಡ್, ಹೊಸದು ತಗೊಳ್ಳಿ." ಅವರನ್ನು ಬೈದು ಪ್ರಯೋಜನವಿಲ್ಲ, ಅವರು ನಾವು ಕೇಳಿದ್ದನ್ನು ಮಾರುತ್ತಾರೆ. ನಾವು ಕೇಳುವುದು ಬದಲಾಗಲಿ. ಹೊಸ ಯಂತ್ರ ಕೊಳ್ಳುವಾಗ ಡ್ರೈವರಿಲ್ಲದೆ ನಡೆಯುತ್ತದೆಯೇ, ಇಎಸ್‌ಸಿಎಲ್ ಅಥವಾ ಏರ್‌ಸ್ಕ್ಯಾನ್ ಇದೆಯೇ ಎಂದು ಕೇಳಿ. ಹಳೆಯದು ಕೊಳ್ಳುವಾಗ ಸೇನ್ ಪಟ್ಟಿಯಲ್ಲಿ "ಪೂರ್ಣ" ಅಥವಾ "ಚೆನ್ನ" ಎಂದಿದೆಯೇ ನೋಡಿ. ಲಿನಕ್ಸ್ ಇರುವ ಪೆನ್‌ಡ್ರೈವ್ ಒಯ್ದು ಅಂಗಡಿಯಲ್ಲೇ ಜೋಡಿಸಿ ನೋಡುತ್ತೇವೆ ಎನ್ನಿ. ಒಪ್ಪದಿದ್ದರೆ ಮುಂದಿನ ಅಂಗಡಿ. ಸಂಘದ ಮುಂದಿನ ಮಹಾಸಭೆಯಲ್ಲಿ ಇದನ್ನೊಂದು ಠರಾವು ಮಾಡಿ ನಡಾವಳಿಯಲ್ಲಿ ಬರೆಸಿ: ತನ್ನ ಭಾಷೆಯನ್ನು ಬಚ್ಚಿಟ್ಟುಕೊಳ್ಳುವ ಯಂತ್ರಕ್ಕೆ ಸಂಘದ ಹಣ ಹೋಗುವುದಿಲ್ಲ.

ಹೊರನಾಡಿನಲ್ಲಿ ಕನ್ನಡ ಉಳಿಸಿಕೊಳ್ಳುವುದೆಂದರೇನು ಎಂದು ಗೊತ್ತಿರುವ ನಮಗೆ, ಒಂದು ಭಾಷೆಗೆ ಬೀಗ ಹಾಕುವುದು ಎಂಥ ಅನ್ಯಾಯ ಎಂದು ಬೇರೆಯವರು ಹೇಳಿಕೊಡಬೇಕಾಗಿಲ್ಲ. ನಿಮ್ಮ ಸಂಘದ ಮೂಲೆಯಲ್ಲಿ "ಡೆಡ್" ಎಂದು ಬರೆದಿಟ್ಟ ಸ್ಕ್ಯಾನರ್ ಇದ್ದರೆ ಈ ಭಾನುವಾರ ಅದನ್ನು ಜೋಡಿಸಿ, ಆ ಎರಡು ಸಂಖ್ಯೆಗಳನ್ನು ಓದಿ, ನಮಗೆ ಬರೆದು ಕಳಿಸಿ. ಎಬ್ಬಿಸಬಹುದಾದದ್ದನ್ನು ಎಬ್ಬಿಸೋಣ. ಎಬ್ಬಿಸಲಾಗದಿದ್ದರೆ ಯಾರ ಗುಟ್ಟಿನಿಂದಾಗಿ ಆಗಲಿಲ್ಲ ಎಂಬುದನ್ನಾದರೂ ದಾಖಲಿಸೋಣ.